ಕಾಲಿನ ಎಲುಬು ನೋಯ್ತದ, ಸೇನಾ ಭರ್ತಿ ಹತ್ರ ಬಂತು: ತಂಗಿ ಓಟ ನಿಲ್ಲಿಸಬೇಕಾ?

ಪ್ರಶ್ನೆ, ಕಲಬುರಗಿ: ತಂಗಿಗೆ 19. ಮಹಿಳಾ ಮಿಲಿಟರಿ ಪೊಲೀಸ್ ಅಗ್ನಿವೀರ್ ಭರ್ತಿಗೆ ದಿನಾ ಡಾಂಬರ್ ರಸ್ತೆ ಮ್ಯಾಲ ಓಡ್ತಾಳ. ಮೊಣಕಾಲ ಕೆಳಗ ಮುಂದಿನ ಎಲುಬು ನೋಯ್ತದ. ನೋವಿನ ಗುಳಿಗಿ ತಗೊಂಡು ಓಡಬಹುದಾ? ತಿಳಿದೋರು ಹೇಳ್ರಿ.

ಫಿಸಿಯೊ: ಗುಳಿಗಿ ಬ್ಯಾಡ್ರಿ. ನೋವು ಅಡಗ್ತದ, ಒಳಗ ಬಿರುಕಿದ್ರ ಬೆಳೀತದ. ಹೆಬ್ಬೆರಳಿಂದ ಎಲುಬಿನ ಒಳ ಅಂಚು ಒತ್ತಿಕೋತ ಹೋಗ್ರಿ. ಐದಾರು ಸೆಂಟಿಮೀಟರ್ ಉದ್ದಕ್ಕೂ ನೋವಿದ್ರ ಬಹುತೇಕ ಶಿನ್ ಸ್ಪ್ಲಿಂಟ್, ಅಂದ್ರ ಓಟದ ಒತ್ತಡಕ್ಕ ಎಲುಬಿನ ಅಂಚು ನೋಯೋದು, ಬಿರುಕಲ್ಲ. ಓಟ ಅರ್ಧಕ್ಕ ಇಳಿಸಿ, ಮೆಟ್ಟಿಲ ಅಂಚಿನ್ಯಾಗ ನಿಂತು ಹಿಮ್ಮಡಿ ಎತ್ತಿ ಇಳಿಸೋದು, 15ರಂತೆ ಮೂರು ಸಲ. ಆದ್ರ ನಾಣ್ಯದಷ್ಟು ಜಾಗದಾಗ ಮಾತ್ರ ಚುಚ್ಚಿದ್ರ, ಒಂಟಿಗಾಲಲ್ಲಿ ಜಿಗಿದಾಗ ಅಥವಾ ರಾತ್ರಿ ಮಲಗಿದಾಗೂ ನೋವಿದ್ರ, ಓಟ ಅವತ್ತೇ ಬಂದ್, ಎಲುಬಿನ ಡಾಕ್ಟರಿಗೆ ತೋರಿಸ್ರಿ. ಎಕ್ಸ್‌-ರೇ ಮೊದಲ ಎರಡ್ಮೂರು ವಾರ ಸಾಫ್ ಕಾಣಿಸಬಹುದು, ನಂಬಬ್ಯಾಡ್ರಿ. ಬಿರುಕಿದ್ರ ಎಂಆರ್‌ಐದಾಗ ಸಿಗ್ತದ.

ನರ್ಸ್: ಅಣ್ಣಾ, ಅವ್ವನ ಕಡಿಂದ ಒಂದು ಕೇಳಿಸ್ರಿ: ಮುಟ್ಟು ಸರಿಯಾಗಿ ಬರ್ತದಾ? ಮೂರು ತಿಂಗಳು ನಿಂತಿದ್ರ ‘ಓಡಿದ್ರ ಹಂಗೇ’ ಅಂತ ಬಿಡಬಾರದು. ಓಟಕ್ಕ ತಕ್ಕ ಊಟ ಇಲ್ಲದಾಗ ಈಸ್ಟ್ರೋಜನ್ ಹಾರ್ಮೋನ್ ಇಳೀತದ, ಎಲುಬು ಸೊರಗ್ತದ. ಬೇರೆ ಕಾರಣಾನೂ ಇರಬಹುದು, ಡಾಕ್ಟರ್ ನೋಡ್ಲಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮಿ ಅಂದ್ರ ರಕ್ತಹೀನತೆ. 12 ದಾಟಿದ್ರೂ ಕಬ್ಬಿಣದ ಸಂಗ್ರಹ ಖಾಲಿ ಇರಬಹುದು, ಅದನ್ನ ತೋರಿಸೋ ಫೆರಿಟಿನ್ ರಕ್ತಪರೀಕ್ಷೆ ಕೂಡ ಮಾಡಿಸ್ರಿ. ಓಡಿ ಬಂದ ತಾಸಿನೊಳಗ ರೊಟ್ಟಿ, ಗಟ್ಟಿ ತೊಗರಿ ಬ್ಯಾಳಿ, ಶೇಂಗಾ ಹಿಂಡಿ, ಮ್ಯಾಲ ಲಿಂಬಿ ಹಿಂಡಿ ಉಣ್ಣಲಿ. ರೊಟ್ಟಿ ಜೋಡಿ ಚಾ ಕುಡಿಯೋ ರೂಢಿ ಇದ್ರ ಬಿಡಿಸ್ರಿ. ಚಾ ಕಬ್ಬಿಣ ಮೈಗೆ ಹತ್ತಗೊಡಂಗಿಲ್ಲ. ನಡುವ ಒಂದು ತಾಸಾದ್ರೂ ಇರ್ಲಿ.

ಓಟದ ಕೋಚ್, ಸೇಡಂ: ಎಲ್ಲಕ್ಕಿಂತ ಮೊದಲ ಡಾಂಬರ್ ಬಿಡಿಸ್ರಿ, ಮಣ್ಣಿನ ಮೈದಾನಕ್ಕ ಕಳಿಸ್ರಿ. ಬಿರುಕು ಬಿಟ್ಟ ಕರಿ ನೆಲ ಬ್ಯಾಡ, ಪಾದ ಹೊಳ್ಳತದ. ಭರ್ತಿಯಾಗ 1.6 ಕಿ.ಮೀ. 7 ನಿಮಿಷ 30 ಸೆಕೆಂಡಿನೊಳಗ ಮುಗಿಸಿದ್ರ ಮೊದಲ ಗುಂಪು, 8ರೊಳಗ ಎರಡನೇದು. ಮೊದಲ ಗುಂಪಿಗೆ ಅಂದ್ರ 400 ಮೀಟರಿಗೆ 1 ನಿಮಿಷ 52 ಸೆಕೆಂಡ್. ಭಾಳ ಹುಡುಗ್ಯಾರು ಮೊದಲ ಸುತ್ತು ಒಂದೂವರಿ ನಿಮಿಷಕ್ಕ ಓಡಿ ಮೂರನೇದ್ರಾಗ ಕೂಡ್ತಾರ. ನೋವು ಹೋದ ಮ್ಯಾಲ ವಾರಕ್ಕ ಎರಡೇ ದಿನ ಜೋರು ಓಟ: 400 ಮೀಟರ್ ನಾಲ್ಕು ಸಲ, ನಡುವ ಎರಡು ನಿಮಿಷ ನಡಿಗಿ. ಉದ್ದ ಜಿಗಿತ 10 ಅಡಿ, ಎತ್ತರ 3 ಅಡಿ; ಅವನ್ನ ಉಸುಕಿನ ಗುಂಡಿಯೊಳಗೇ ಮಾಡಿಸ್ರಿ.

ಮಾಜಿ ಹವಾಲ್ದಾರ್, ಬೀದರ್: ಆಯ್ಕೆ ಆದ ಮ್ಯಾಲ ಬೆನ್ನಿಗೆ ಭಾರ ಬೀಳ್ತದ. 20 ಕಿಲೋ ಅಂದ್ರ 80 ಕಿಲೋದವಗ ಮೈತೂಕದ ಕಾಲು ಭಾಗ, 50 ಕಿಲೋದಾಕಿಗೆ ಐದರಾಗ ಎರಡು ಭಾಗ. ಕಾಲು ವಾಸಿಯಾದ ಮ್ಯಾಲೇ 5 ಕಿಲೋ ಹೊತ್ತು ನಡೀಲಿ, ಎರಡು ವಾರಕ್ಕ 2 ಕಿಲೋ ಏರಿಸ್ರಿ. ತೂಕದ ಸಾಮಾನು ಬೆನ್ನಿಗೆ ಹತ್ತಿ ಮ್ಯಾಲಕ್ಕ ಇರ್ಲಿ, ಸೊಂಟದ ಪಟ್ಟಿ ಬಿಗಿ. ಹೊತ್ತು ಓಡಬಾರದು. ಎತ್ತರದವರ ಹೆಜ್ಜಿ ಹಿಡೀಲಿಕ್ಕ ಕಾಲು ಚಾಚಿದ್ರ ಟೊಂಕದ ಎಲುಬಿಗೆ ಪೆಟ್ಟು. ಹೆಜ್ಜಿ ಸಣ್ಣದೇ ಇರ್ಲಿ, ಬಿರುಸು ಹೆಚ್ಚಲಿ.