ಹೊಟ್ಟೆಯ ಮೇಲಿನ ಗೆರೆ ತಡೆಯಲು ಏನು ಹಚ್ಚಿದಿರಿ? ಅನುಭವಸ್ಥರು ತಿಳಿಸಿ

ಪ್ರಶ್ನೆ, ತುಮಕೂರಿನಿಂದ: ಚೊಚ್ಚಲ ಬಸಿರು, ಈಗ ಐದು ತಿಂಗಳು. ನನ್ನ ಅಮ್ಮನ ಹೊಟ್ಟೆಯ ಮೇಲೆ ಬಸಿರಿನ ಗೆರೆಗಳು (ಸ್ಟ್ರೆಚ್ ಮಾರ್ಕ್) ಇಂದಿಗೂ ಇವೆ. ಅತ್ತೆಯವರು ಕೊಬ್ಬರಿ ಎಣ್ಣೆ ಸಾಕೆನ್ನುತ್ತಾರೆ, ಔಷಧದ ಅಂಗಡಿಯವರು ಕ್ರೀಮ್ ಕೊಳ್ಳಿ ಎನ್ನುತ್ತಾರೆ. ಯಾವುದು ಒಳ್ಳೆಯದು?

ದಾವಣಗೆರೆಯ ತಾಯಿ: ಕ್ರೀಮಿನ ವಿಷಯವನ್ನು ನನ್ನಿಂದ ಕೇಳಿ. ನೂರು ಗ್ರಾಮಿನ ಟ್ಯೂಬಿಗೆ 1,150 ರೂಪಾಯಿ. ಹೊಟ್ಟೆ, ಸೊಂಟ, ತೊಡೆಗಳಿಗೆ ಎರಡು ಹೊತ್ತು ಹಚ್ಚಿದರೆ ತಿಂಗಳಿಗೆ ಎರಡು ಟ್ಯೂಬ್ ಬೇಕಾಗುತ್ತಿತ್ತು. ನಾಲ್ಕನೆಯ ತಿಂಗಳಿನಿಂದ ಹೆರಿಗೆಯವರೆಗೆ ಹನ್ನೆರಡು ಸಾವಿರ ದಾಟಿತು. ಬಾಣಂತನದ ಸಾಮಾನಿಗೆಂದು ತೆಗೆದಿರಿಸಿದ್ದ ಹಣವೇ ಅದಕ್ಕೆ ಹೋಯಿತು. ಎಂಟನೆಯ ತಿಂಗಳಲ್ಲಿ ಹೊಕ್ಕುಳಿನ ಕೆಳಗೆ ನೇರಳೆ ಬಣ್ಣದ ಗೆರೆಗಳು ಎದ್ದವು. ಈಗ ಬಣ್ಣ ಬಿಳಿಚಿಕೊಂಡಿದೆ, ಆದರೆ ಬೆರಳಾಡಿಸಿದರೆ ಒಂದೊಂದರ ತಗ್ಗೂ ಕೈಗೆ ಸಿಗುತ್ತದೆ.

ಶಿರಸಿಯ ಗೃಹಿಣಿ: ನಮ್ಮಲ್ಲಿ ಗಾಣದ ಕೊಬ್ಬರಿ ಎಣ್ಣೆಯ ಹೊರತು ಬೇರೇನನ್ನೂ ಮುಟ್ಟುವುದಿಲ್ಲ. ಮಿಂದು ಬಂದ ಕೂಡಲೇ, ಮೈಯ ಪಸೆ ಆರುವ ಮುನ್ನ, ಉಗುರುಬೆಚ್ಚಗಿನ ಎಣ್ಣೆಯನ್ನು ಅಂಗೈಯಿಂದ ನಿಧಾನವಾಗಿ ಸವರಬೇಕು. ಎರಡು ಹೆರಿಗೆಯಾದರೂ ನನಗೆ ಒಂದು ಗೆರೆಯೂ ಬಿದ್ದಿಲ್ಲ. ಹಚ್ಚುವುದಕ್ಕೆ ತಾಳ್ಮೆ ಬೇಕು, ದುಡ್ಡು ಸುರಿದ ಮಾತ್ರಕ್ಕೆ ಆಗುವ ಕೆಲಸವಲ್ಲ ಇದು.

ದಾವಣಗೆರೆಯ ತಾಯಿ: ನನ್ನ ತಾಳ್ಮೆಯನ್ನು ಅಳೆಯುವ ಅಧಿಕಾರವನ್ನು ನಿಮಗೆ ಯಾರು ಕೊಟ್ಟರು? ನನ್ನ ತಂಗಿ ಹಚ್ಚಿದ್ದೂ ಗಾಣದ ಎಣ್ಣೆಯನ್ನೇ, ಅವಳಿಗೆ ತೊಡೆಯವರೆಗೂ ಗೆರೆಗಳಿವೆ. ನಿಮ್ಮ ತಾಯಿಯವರಿಗೆ ಗೆರೆ ಇತ್ತೇ, ಅದನ್ನು ಮೊದಲು ಹೇಳಿ.

ಮೈಸೂರಿನ ಶುಶ್ರೂಷಕಿ: ಹೆರಿಗೆ ವಾರ್ಡಿನಲ್ಲಿ ದುಡಿಯುವ ನನಗೆ ಈ ಜಗಳ ಹೊಸದಲ್ಲ. ಗೆರೆ ಬೀಳುವುದು ಚರ್ಮದ ಒಳಪದರದಲ್ಲಿದ್ದು ಅದಕ್ಕೆ ಬಲವನ್ನೂ ಹಿಗ್ಗುವ ಗುಣವನ್ನೂ ಕೊಡುವ ಕೊಲಾಜೆನ್ ಮತ್ತು ಇಲಾಸ್ಟಿನ್ ಎಳೆಗಳು ಹರಿದಾಗ. ಮೇಲೆ ಸವರಿದ ಎಣ್ಣೆ ಆ ಆಳದಲ್ಲಿ ಎಳೆ ಹರಿಯುವುದನ್ನು ತಡೆಯಲಾರದು. ಮನೆತನದ ಗುಣ, ತಾಯಿಯ ಚಿಕ್ಕ ವಯಸ್ಸು, ತೂಕದ ಏರಿಕೆ, ಮಗುವಿನ ಗಾತ್ರ ಇವೇ ಹೆಚ್ಚು ಮುಖ್ಯ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯು 2012ರಲ್ಲಿ ಅದುವರೆಗಿನ ಪ್ರಯೋಗಗಳನ್ನೆಲ್ಲ ಪರಿಶೀಲಿಸಿ, ಹಚ್ಚುವ ಯಾವ ಲೇಪವೂ ಗೆರೆಯನ್ನು ತಡೆಯುತ್ತದೆಂಬುದಕ್ಕೆ ಗಟ್ಟಿ ಪುರಾವೆ ಇಲ್ಲವೆಂದು ಹೇಳಿತು. ಎಣ್ಣೆಯಿಂದ ಒಣ ಚರ್ಮದ ನವೆ ತಗ್ಗುತ್ತದೆ. ಅಷ್ಟು ಸಾಕೆಂದು ಹಚ್ಚುವವರನ್ನು ನಾನು ತಡೆಯುವುದಿಲ್ಲ.

ಬೆಂಗಳೂರಿನ ಉದ್ಯೋಗಸ್ಥೆ: ಹೆರಿಗೆಯ ನಂತರ ಲೇಸರ್ ಮಾಡಿಸಿಕೊಂಡವಳು ನಾನು. ಒಂದು ಸಲಕ್ಕೆ 7,000 ರೂಪಾಯಿ, ಅದರ ಮೇಲೆ ಮರಗಟ್ಟಿಸುವ ಮುಲಾಮಿಗೆ 450, ಹೋಗಿಬರುವ ಆಟೋ ಖರ್ಚು ಬೇರೆ. ಗೆರೆ ತುಸು ಮಾಸಿತು, ಆದರೆ ನನ್ನದು ಕಪ್ಪು ಮೈಬಣ್ಣವಾದ್ದರಿಂದ ಲೇಸರ್ ತಾಗಿದೆಡೆಯಲ್ಲೆಲ್ಲ ಕಂದು ಕಲೆಗಳು ಮೂಡಿ, ತಿಂಗಳುಗಟ್ಟಲೆ ಉಳಿದವು. ಇಂಥ ಮೈಬಣ್ಣಕ್ಕೆ ಈ ಅಪಾಯ ಹೆಚ್ಚೆಂಬ ಮಾತನ್ನು ಹಣ ಕಟ್ಟಿಸಿಕೊಳ್ಳುವಾಗ ಯಾರೂ ಎತ್ತಲಿಲ್ಲ. ಇನ್ನೊಂದು ಮಾತು: ಟ್ರೆಟಿನಾಯಿನ್ (ವಿಟಮಿನ್ ಎ ಬಗೆಯ ಚರ್ಮದ ಔಷಧ) ಇರುವ ಮುಲಾಮನ್ನು ಬಸಿರಿಯರು ಹಚ್ಚಬಾರದು.

ಶಿರಸಿಯ ಗೃಹಿಣಿ: ನಮ್ಮ ಅಮ್ಮನಿಗೂ ಗೆರೆ ಇಲ್ಲ, ಅದೂ ಇದೇ ಎಣ್ಣೆಯ ಗುಣ. ಪುಸ್ತಕ ಓದಿದವರು ಅಜ್ಜಿಯರ ಅನುಭವವನ್ನು ತಳ್ಳಿಹಾಕುವುದು ಸರಿಯಲ್ಲ. ಕೊನೆಯ ತಿಂಗಳಲ್ಲಿ ಅಂಗಾಲು ನವೆಯೆಂದು ನಿದ್ದೆಗೆಟ್ಟ ನಾದಿನಿಗೂ ಎಣ್ಣೆಯನ್ನೇ ತಿಕ್ಕಿದೆವು.

ದಾವಣಗೆರೆಯ ತಾಯಿ: ತಾಯಿಗೂ ಇಲ್ಲ, ಮಗಳಿಗೂ ಇಲ್ಲ. ಮನೆತನದ ಗುಣವೆಂದು ಶುಶ್ರೂಷಕಿ ಹೇಳಿದ್ದು ಇದನ್ನೇ ಅಲ್ಲವೇ? ಅಷ್ಟಾದರೂ ತಪ್ಪು ನನ್ನ ಕೈಯದು!

ಮೈಸೂರಿನ ಶುಶ್ರೂಷಕಿ: ಗೆರೆಯ ವಾದವನ್ನು ನೀವಿಬ್ಬರೂ ಬೇಕಾದಷ್ಟು ಬೆಳೆಸಿ, ಆದರೆ ಅಂಗಾಲಿಗೆ ಎಣ್ಣೆ ತಿಕ್ಕಿದ ಮಾತನ್ನು ನಾನು ಸುಮ್ಮನೆ ಬಿಡುವುದಿಲ್ಲ. ಮೈಮೇಲೆ ಗುಳ್ಳೆಯಿಲ್ಲದೆ ಅಂಗೈ, ಅಂಗಾಲುಗಳು ರಾತ್ರಿ ಹೊತ್ತು ವಿಪರೀತ ನವೆಯಾದರೆ ಅದು ಯಕೃತ್ತಿನ ತೊಂದರೆಯಾಗಿರಬಹುದು. ಯಕೃತ್ತಿನಲ್ಲಿ ತಯಾರಾಗುವ ಪಿತ್ತಾಮ್ಲದ (ಬೈಲ್ ಆಸಿಡ್) ಮಟ್ಟ ರಕ್ತದಲ್ಲಿ ತೀರಾ ಏರಿದರೆ ಹೊಟ್ಟೆಯಲ್ಲಿರುವ ಮಗುವಿನ ಜೀವಕ್ಕೇ ಕುತ್ತು. ಅಂಥವರು ಎಣ್ಣೆ ಕಾಯಿಸುತ್ತ ಕೂರದೆ ಅಂದೇ ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು.