ಸೀಬಾಸ್ ಮರಿ ಸುತ್ತುತ್ತಿವೆ, ಈಗ ಲಸಿಕೆ ಹಾಕಬಹುದೇ?

ನಿರ್ವಾಹಕರು: ಮೀನು ರೋಗ ತಜ್ಞೆಯೊಬ್ಬರು ಇಂದು ಸಂಜೆ ಬಳಗದಲ್ಲಿರುತ್ತಾರೆ. ವಿಷಯ, ಮೀನಿನ ವೈರಸ್ ರೋಗ ಮತ್ತು ಲಸಿಕೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಮಂಡ್ಯದ ಸದಸ್ಯ: ನಮಸ್ಕಾರ ಮೇಡಂ. ಕಾಟ್ಲಾ, ರೋಹು ಮೈಮೇಲೆ ಕೆಂಪು ಹುಣ್ಣು ಎದ್ದಿದೆ. ಯಾವ ಲಸಿಕೆ ಕೊಡಬೇಕು?

ತಜ್ಞೆ: ನಮಸ್ಕಾರ. ಹುಣ್ಣೆಲ್ಲ ವೈರಸ್ಸಿನದಲ್ಲ. ಚಳಿಗಾಲದ ಹುಣ್ಣುರೋಗಕ್ಕೆ ಅಫನೊಮೈಸಿಸ್ ಎಂಬ, ಶಿಲೀಂಧ್ರವನ್ನು ಹೋಲುವ ಜೀವಿ ಮೂಲ. ಮೀನು ಹೇನು ಕಚ್ಚಿದ ಗಾಯವೂ ಹುಣ್ಣಾಗುತ್ತದೆ. ಹತ್ತಿರದಿಂದ ತೆಗೆದ ಫೋಟೊ ಕಳುಹಿಸಿ. ಈ ಮೀನುಗಳಿಗೆ ಅಂಗಡಿಯಲ್ಲಿ ಸಿಗುವ ವೈರಸ್ ಲಸಿಕೆ ನಮ್ಮಲ್ಲಿಲ್ಲ.

ಕುಂದಾಪುರದ ಪಂಜರ ಕೃಷಿಕ: ಹೊಳೆಯ ಪಂಜರಕ್ಕೆ ಎರಡು ಇಂಚಿನ ಸೀಬಾಸ್ ಮರಿ ಬಿಟ್ಟು ವಾರವಾಯಿತು. ಮೈ ಕಪ್ಪಾಗಿ, ಬುಗುರಿಯ ಹಾಗೆ ಸುತ್ತಿ ಮಗುಚಿಕೊಳ್ಳುತ್ತಿವೆ. ಅರ್ಧದಷ್ಟು ಸತ್ತವು. ಉಳಿದವಕ್ಕೆ ಈಗ ಲಸಿಕೆ ಹಾಕಬಹುದೇ? ಕಡಿಮೆ ಬೆಲೆಗೆ ಕೇಳುವವರಿದ್ದಾರೆ, ಕೊಟ್ಟುಬಿಡಲೇ?

ತಜ್ಞೆ: ಕೊಡಬೇಡಿ. ನೀವು ಹೇಳಿದ್ದನ್ನು ನೋಡಿದರೆ ನೋಡಾವೈರಸ್ ಎಂಬ ಅನುಮಾನ ಬರುತ್ತಿದೆ. ಅದು ಮಿದುಳಿಗೂ ಕಣ್ಣಿನ ಅಕ್ಷಿಪಟಲಕ್ಕೂ ಇಳಿಯುತ್ತದೆ. ಅದಕ್ಕೇ ಮರಿ ಸುತ್ತುತ್ತದೆ, ಮೇವು ಮೂತಿಯ ಮುಂದೆ ಬಿದ್ದರೂ ಹಿಡಿಯುವುದಿಲ್ಲ. ಈಗಷ್ಟೇ ಸತ್ತ ಮರಿಯೊಂದರ ಹೊಟ್ಟೆ ಸೀಳಿ, ಮೀನು ತೇಲಲು ನೆರವಾಗುವ ಗಾಳಿಚೀಲ ಬಿಗಿದು ಉಬ್ಬಿದೆಯೇ ನೋಡಿ. ರಾತ್ರಿ ಆಮ್ಲಜನಕ ಕುಸಿದರೂ ಮರಿ ಸಾಯುತ್ತವೆ, ಆದರೆ ಆಗ ಬೆಳಗಾಗುವಷ್ಟರಲ್ಲಿ ಎಲ್ಲವೂ ಮೇಲೆ ಬಂದು ಬಾಯಿ ತೆರೆಯುತ್ತವೆ; ದಿನಕ್ಕೊಂದಿಷ್ಟು ಸುತ್ತಿ ಸುತ್ತಿ ಸಾಯುವುದಿಲ್ಲ.

ಲಸಿಕೆ ಔಷಧವಲ್ಲ. ಸೋಂಕು ತಗುಲುವ ಮೊದಲು ಕೊಡಬೇಕು, ಕೊಟ್ಟ ಮೇಲೂ ಮೈ ಸಜ್ಜಾಗಲು ವಾರಗಳು ಹಿಡಿಯುತ್ತವೆ. ಚೆನ್ನೈನ ಜಲಕೃಷಿ ಸಂಶೋಧನಾ ಸಂಸ್ಥೆ ಸಿಬಾ ಸೀಬಾಸ್‌ಗೆಂದೇ ನೋಡಾವ್ಯಾಕ್-ಆರ್ ಎಂಬ ಲಸಿಕೆ ರೂಪಿಸಿದೆ, ನಿಜ. ಆದರೆ ಈ ವೈರಸ್ ಹೆಚ್ಚು ಬಲಿ ತೆಗೆದುಕೊಳ್ಳುವುದು ಎಳೆಯ ಮರಿಗಳನ್ನು. ಮೊಟ್ಟೆಯೊಡೆದು ಬಂದ ಮರಿಗೆ ರೋಗ ತಡೆಯುವ ಶಕ್ತಿ ಇನ್ನೂ ಬಲಿತಿರುವುದಿಲ್ಲ, ಆಗ ಲಸಿಕೆ ಕೊಟ್ಟೂ ಫಲವಿಲ್ಲ. ಸೋಂಕು ತಾಯಿಮೀನಿನಿಂದ ಮೊಟ್ಟೆಯ ಮೂಲಕವೂ ದಾಟುತ್ತದೆ. ಹಾಗಾಗಿ ಮರಿ ಮಾಡುವ ಹ್ಯಾಚರಿಯ ತಾಯಿಮೀನನ್ನು ಕಾಯದೆ ನಿಮ್ಮ ಪಂಜರವನ್ನು ಕಾಯಲಾಗದು.

ಬದುಕುಳಿದ ಮರಿ ಚೆನ್ನಾಗಿ ಕಂಡರೂ ವೈರಸ್ ಹೊತ್ತಿರಬಹುದು. ಅದನ್ನು ಮಾರುವುದೆಂದರೆ ಹೊಳೆಯುದ್ದಕ್ಕೂ ರೋಗ ಹಂಚುವುದು. ಸತ್ತವನ್ನು ನೀರಿಗೆ ಎಸೆಯಬೇಡಿ. ದಡದಿಂದ ದೂರ ಸುಣ್ಣ ಹಾಕಿ ಹೂಳಿ. ಸಾಯುತ್ತಿರುವ ಐದಾರು ಮರಿಗಳ ತಲೆಯನ್ನು ಆಲ್ಕೋಹಾಲಿನಲ್ಲಿಟ್ಟು ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡಿಸಿ. ಮಂಗಳೂರಿನ ಮೀನುಗಾರಿಕೆ ಕಾಲೇಜಿಗೆ ಮೊದಲು ಫೋನ್ ಮಾಡಿ ಕೇಳಿ. ಅದೇ ತಂಡದ ಮರಿಯನ್ನು ಬೇರೆ ಯಾರು ಕೊಂಡಿದ್ದಾರೆ?

ಹಾಸನದ ಸದಸ್ಯ: (ಫಾರ್ವರ್ಡ್) ಅರಿಸಿನ, ಬೆಳ್ಳುಳ್ಳಿ, ಗೋಮೂತ್ರ ಬೆರೆಸಿ ಮೂರು ದಿನ ಮೇವಿಗೆ ಹಾಕಿ. ಸಕಲ ವೈರಸ್ ನಾಶ! ಎಲ್ಲ ಗುಂಪುಗಳಿಗೂ ಕಳುಹಿಸಿ.

ತಜ್ಞೆ: ಮೇವನ್ನೇ ಮುಟ್ಟದ ಮರಿ ಅರಿಸಿನ ತಿನ್ನುತ್ತದೆಯೇ ಸ್ವಾಮಿ? ಇದರ ಬೆನ್ನಿಗೇ ಆಂಟಿಬಯಾಟಿಕ್ ಸಂದೇಶ ಬರುತ್ತದೆ ಎಂದು ಗೊತ್ತು. ಅದು ವೈರಸ್ಸನ್ನು ಕೊಲ್ಲುವುದಿಲ್ಲ. ಕ್ಲೋರಾಂಫೆನಿಕಾಲ್, ನೈಟ್ರೊಫ್ಯುರಾನ್‌ಗಳಂತೂ ಜಲಕೃಷಿಯಲ್ಲಿ ನಿಷಿದ್ಧ.

ತುಮಕೂರಿನ ಸದಸ್ಯ: ರೋಹುವಿಗೆ ಲಸಿಕೆ ಇದೆಯೇ ಮೇಡಂ?

ತಜ್ಞೆ: ವೈರಸ್ ಲಸಿಕೆ ಇಲ್ಲ.

ಕುಮಟಾದ ಸದಸ್ಯ: ಸೀಗಡಿಯ ಬಿಳಿಚುಕ್ಕೆ ರೋಗಕ್ಕೆ?

ತಜ್ಞೆ: ಸೀಗಡಿ ಮೀನಲ್ಲ. ಅದರ ಮೈಯಲ್ಲಿ ರೋಗಾಣುವನ್ನು ಗುರುತಿಸಿ ಹಿಡಿಯುವ ಪ್ರತಿಕಾಯಗಳು ತಯಾರಾಗುವುದೇ ಇಲ್ಲ, ಮೀನಿನ ಬಗೆಯ ಲಸಿಕೆ ಅದಕ್ಕೆ ನಡೆಯದು. ಪರೀಕ್ಷೆಯಾದ ಮರಿಯನ್ನೇ ತನ್ನಿ.

ಶಿವಮೊಗ್ಗದ ಸದಸ್ಯೆ: ಸಾವಿರಾರು ಮೀನಿಗೆ ಒಂದೊಂದಾಗಿ ಸೂಜಿ ಚುಚ್ಚುತ್ತಾರೆಯೇ? ಡೋಸಿಗೆ ಬೆಲೆ ಎಷ್ಟು?

ತಜ್ಞೆ: ಹೌದು. ನಾರ್ವೆಯಲ್ಲಿ ಸಾಲ್ಮನ್ ಮರಿಗೆ ಅರಿವಳಿಕೆ ಕೊಟ್ಟು ಯಂತ್ರದಿಂದ ಹೊಟ್ಟೆಗೆ ಚುಚ್ಚುತ್ತಾರೆ.

ಗಂಗೊಳ್ಳಿಯ ಸದಸ್ಯ: ತಪ್ಪೆಲ್ಲ ಹ್ಯಾಚರಿಯವರದು. ಪರೀಕ್ಷಾ ವರದಿ ಕೇಳಿದರೆ ಮುಖ ತಿರುಗಿಸುತ್ತಾರೆ.

ಹ್ಯಾಚರಿ ನಡೆಸುವ ಸದಸ್ಯ: ನಡುಮಧ್ಯಾಹ್ನ ಮರಿ ಸಾಗಿಸಿ ಸಾಯಿಸುವವರು ನೀವು. ಚೌಕಾಸಿ ಮಾಡುವಾಗ ವರದಿ ನೆನಪಿಗೆ ಬರುವುದಿಲ್ಲವೇ?

ಗಂಗೊಳ್ಳಿಯ ಸದಸ್ಯ: ಮೊದಲು ನಿಮ್ಮ ನಾಲಿಗೆಗೆ ಲಸಿಕೆ ಹಾಕಿಸಿಕೊಳ್ಳಿ ಮಾರಾಯರೇ.

ನಿರ್ವಾಹಕರು: ಇಬ್ಬರೂ ಸುಮ್ಮನಿರಿ.

ಶಿವಮೊಗ್ಗದ ಸದಸ್ಯೆ: ಬೆಲೆ ಹೇಳಲಿಲ್ಲ.

ಬಳ್ಳಾರಿಯ ಸದಸ್ಯ: ರೋಹು ಲಸಿಕೆ ಎಲ್ಲಿ ಸಿಗುತ್ತದೆ?

ತಜ್ಞೆ: ಮೇಲೆ ಎರಡು ಸಲ ಬರೆದಿದ್ದೇನೆ. ಓದುವ ತಾಳ್ಮೆ ಇಲ್ಲದವರು ಕೇಳಬೇಡಿ.

ಹಾಸನದ ಸದಸ್ಯ: ನಮ್ಮ ಅಜ್ಜನ ಕಾಲದಲ್ಲಿ ಪರೀಕ್ಷೆ, ಗಿರೀಕ್ಷೆ ಇರಲಿಲ್ಲ.

ತಜ್ಞೆ: ಪಂಜರದಲ್ಲಿ ಮೀನು ಒತ್ತಿ ತುಂಬುವುದೂ ಇರಲಿಲ್ಲ.

ಕುಂದಾಪುರದ ಪಂಜರ ಕೃಷಿಕ: ಮೂರು ಮರಿ ಸೀಳಿದೆ ಮೇಡಂ. ಮೂರರಲ್ಲೂ ಗಾಳಿಚೀಲ ಉಬ್ಬಿ, ಹೊಟ್ಟೆಯ ಜಾಗವೆಲ್ಲ ಅದೇ ತುಂಬಿದೆ. ಇನ್ನೊಂದು ಮಾತು, ನಿನ್ನೆಯೇ ಇನ್ನೂರು ಮರಿ ಕೊಟ್ಟಾಗಿದೆ. ಗಂಗೊಳ್ಳಿಯವರಿಗೆ.

ಗಂಗೊಳ್ಳಿಯ ಸದಸ್ಯ: ರೋಗದ್ದೆಂದು ಹೇಳಲಿಲ್ಲವಲ್ಲ! ನನ್ನ ಪಂಜರದಲ್ಲಿ ಹಳೆಯ ಮೀನುಗಳಿವೆ.

ತಜ್ಞೆ: ಜಗಳ ಆಮೇಲೆ. ಗಂಗೊಳ್ಳಿಯವರೇ, ಹೊಸ ಮರಿ ಅದೇ ಪಂಜರದಲ್ಲಿವೆಯೋ, ಬೇರೆ ಬಲೆಯಲ್ಲೋ? ಆ ಬಲೆ, ಬಕೆಟ್ ಇನ್ನೊಂದು ಪಂಜರಕ್ಕೆ ಹೋಗಬಾರದು. ಇಬ್ಬರೂ ಈಗಲೇ ನನಗೆ ಕರೆ ಮಾಡಿ.