ಸಹಾಯ ಬೇಕು: ಮುಟ್ಟಗೊಡದ ಬೆಕ್ಕಿಗೆ ಮಾತ್ರೆ ನುಂಗಿಸುವುದು ಹೇಗೆ?

ನಮ್ಮ ಬೆಕ್ಕಿಗೆ ಈಗ 9 ವರ್ಷ. ಸಿಕ್ಕಾಗ ಸುಮಾರು 4 ತಿಂಗಳಾಗಿತ್ತು. ಮರಿಗಳು ಮನುಷ್ಯರಿಗೆ ಸುಲಭವಾಗಿ ಒಗ್ಗಿಕೊಳ್ಳುವ 2ರಿಂದ 7 ವಾರದ ಅವಧಿ ಎಂದೋ ಮುಗಿದುಹೋಗಿತ್ತು. ಇಂದಿಗೂ ತೊಡೆಯೇರಿಲ್ಲ. ತಲೆ ಸವರಿದರೆ ಎರಡು ಸಲ ಸಹಿಸುತ್ತದೆ, ಮೂರನೆಯದಕ್ಕೆ ಬಾಲ ಬಡಿದು, ಕಿವಿ ಹಿಂದಕ್ಕೆ ಮಡಚಿ, ಕಚ್ಚುತ್ತದೆ. ಆದರೂ ರಾತ್ರಿ ನಾನು ಮಲಗುವ ಕೋಣೆಯ ಬಾಗಿಲಲ್ಲೇ, ನನಗೆ ಬೆನ್ನು ತಿರುಗಿಸಿಕೊಂಡು ಕೂರುತ್ತದೆ. ಅದನ್ನೇ ಪ್ರೀತಿ ಎಂದು ಲೆಕ್ಕ ಹಾಕಿಕೊಂಡಿದ್ದೇನೆ.

ಈಚೆಗೆ ಸಿಡುಕು ಹೆಚ್ಚಿತು. ಬೆಕ್ಕುಗಳು ನೋವನ್ನು ಬಚ್ಚಿಡುತ್ತವೆಂದು ತಿಳಿದಿದ್ದರಿಂದ ವೈದ್ಯರಿಗೆ ತೋರಿಸಿದೆ. ಒಸಡಿನ ಉರಿಯೂತವಂತೆ. ಹತ್ತು ದಿನ, ದಿನಕ್ಕೆರಡು ಮಾತ್ರೆ. ಟವೆಲಿನಲ್ಲಿ ಸುತ್ತಲು ಹೋದಾಗ ನನ್ನ ಅಂಗೈಗೆ ಹಲ್ಲು ಇಳಿಯಿತು. ಬೆಕ್ಕಿನ ಕಡಿತ ಬೇಗ ಕೀವಾಗುವುದರಿಂದ ಈಗ ನಾನೂ ಮಾತ್ರೆ ನುಂಗುತ್ತಿದ್ದೇನೆ. (ನನಗೆ ಟವೆಲ್ ಬೇಕಾಗಲಿಲ್ಲ.) ಆಹಾರದಲ್ಲಿ ಅಡಗಿಸಿಟ್ಟರೆ ಸುತ್ತಲಿನದನ್ನೆಲ್ಲ ತಿಂದು ಮಾತ್ರೆಯನ್ನು ತೊಳೆದಿಟ್ಟಂತೆ ಉಳಿಸುತ್ತದೆ.

ಇಂಥ ಬೆಕ್ಕನ್ನು ಸಾಕಿದವರು ಏನು ಮಾಡಿದಿರಿ? ಕೆಲವು ಮಾತ್ರೆಗಳನ್ನು ಪುಡಿ ಮಾಡಬಾರದು, ಆದ್ದರಿಂದ ಅದನ್ನು ವೈದ್ಯರನ್ನೇ ಕೇಳುತ್ತೇನೆ. ‘ಯಾರಿಗಾದರೂ ಕೊಟ್ಟುಬಿಡಿ’ ಎಂಬ ಸಲಹೆ ಮಾತ್ರ ದಯವಿಟ್ಟು ಬೇಡ. ಇದು 20 ವರ್ಷ ಬದುಕಿದರೂ ಇಲ್ಲೇ ಇರುತ್ತದೆ. ಇಂದು ರಾತ್ರಿಯ ಮಾತ್ರೆ ಇನ್ನೂ ಬಾಕಿಯಿದೆ.